ಸಂಗತಿಯಿಂದ ಸಂಕೇತಕ್ಕೆ

ಸಾಹಿತ್ಯಕೃತಿಯೊಳಗೆ ಬರುವ ಹೂವು, ಹಕ್ಕಿ, ಹೊಳೆ, ಕತ್ತಲೆಗಳು ತಮ್ಮಾಚೆಗಿನ ಮತ್ತೇನನ್ನೋ ಸೂಚಿಸುತ್ತವೆ ಎಂಬ ತಿಳಿವಳಿಕೆ ಶಾಲೆಯ ದಿನಗಳಲ್ಲಿಯೇ ಓದುಗರಿಗೆ ದೊರೆಯುತ್ತದೆ. ಆದರೆ ಅದನ್ನು ತಲುಪುವ ಬಗೆ ಯಾವುದು, ತಲುಪಿದ ಅರ್ಥ ಸರಿಯೋ ತಪ್ಪೋ ಎಂದು ತೂಗಿ ನೋಡುವ ಬಗೆ ಯಾವುದು ಎಂಬುದು ಬಹುಮಟ್ಟಿಗೆ ಕಲಿಸದೆಯೇ ಉಳಿಯುತ್ತದೆ. ಪರೀಕ್ಷೆಗೆಂದು ಸಿದ್ಧವಾಗುವ ಗೈಡುಗಳಲ್ಲಿ ದೀಪ ಎಂದರೆ ಜ್ಞಾನ, ಕತ್ತಲೆ ಎಂದರೆ ಅಜ್ಞಾನ, ಹೊಳೆ ಎಂದರೆ ಕಾಲ ಎಂಬ ಸಮೀಕರಣಗಳು ಸಿಗುತ್ತವೆ. ವಿದ್ಯಾರ್ಥಿಗಳು ಅವನ್ನು ಬಾಯಿಪಾಠ ಮಾಡಿ, ಕವಿತೆಯಲ್ಲಿ ನಿಜವಾಗಿ ಹರಿಯುತ್ತಿದ್ದ ಹೊಳೆ ಬೇಸಗೆಯದೋ ಮಳೆಗಾಲದ್ದೋ, ಅದರ ದಡದಲ್ಲಿ ನಿಂತವರು ಯಾರು ಎಂಬುದನ್ನು ಕಾಣದೆಯೇ ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಸಂಗತಿಯನ್ನು ಸಂಗತಿಯಾಗಿ ಪೂರ್ತಿ ಕಾಣದವರಿಗೆ ಅದು ಸಂಕೇತವಾಗಿ ತೆರೆದುಕೊಳ್ಳುವುದಿಲ್ಲ ಎಂಬುದು ಭಾರತೀಯ ಕಾವ್ಯಮೀಮಾಂಸೆ ಬಹು ಹಿಂದೆಯೇ ಕಂಡುಕೊಂಡ ವಿವೇಕ. ಕನ್ನಡದ ಎರಡು ದೊಡ್ಡ ಕೃತಿಗಳು, ಸುಮಾರು ಸಾವಿರ ವರ್ಷಗಳ ಅಂತರದಲ್ಲಿ, ಆ ವಿವೇಕವನ್ನೇ ತಮ್ಮ ಕಥೆಯ ಒಡಲಲ್ಲಿ ಇಟ್ಟುಕೊಂಡಿವೆ. ಒಂದು ಪಂಪನ ‘ಆದಿಪುರಾಣ’, ಇನ್ನೊಂದು ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’.

ಆ ಕೃತಿಗಳಿಗೆ ಹೋಗುವ ಮೊದಲು ಕೆಲವು ಪರಿಭಾಷೆಗಳನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ಅಲಂಕಾರಗಳಲ್ಲಿ ಎಲ್ಲಕ್ಕೂ ಮೂಲವೆಂದು ಎಣಿಸಲಾದ ಉಪಮೆಗೆ ನಾಲ್ಕು ಅಂಗಗಳಿವೆ: ವರ್ಣಿಸಬೇಕಾದ ವಸ್ತು ಉಪಮೇಯ, ಹೋಲಿಕೆಗೆ ತಂದ ವಸ್ತು ಉಪಮಾನ, ಎರಡಕ್ಕೂ ಸಮಾನವಾದ ಗುಣ ಸಮಾನಧರ್ಮ, ‘ಅಂತೆ’, ‘ಹಾಗೆ’ ಎಂಬಂಥ ಪದ ಉಪಮಾವಾಚಕ. ಈ ವಾಚಕ ಬಿದ್ದುಹೋಗಿ ಉಪಮೇಯವೂ ಉಪಮಾನವೂ ಒಂದೇ ಎಂದು ಹೇಳಿದಾಗ ಅದು ರೂಪಕವಾಗುತ್ತದೆ. ಇಂಗ್ಲೆಂಡಿನ ವಿಮರ್ಶಕ ಐ.ಎ. ರಿಚರ್ಡ್ಸ್ 1936ರಲ್ಲಿ ರೂಪಕವನ್ನು ‘ಟೆನರ್’ ಮತ್ತು ‘ವೆಹಿಕಲ್’ ಎಂದು ಎರಡು ಭಾಗವಾಗಿ ಬಿಡಿಸಿ ತೋರಿಸಿದಾಗ ಅಲ್ಲಿ ಅದು ಹೊಸ ವಿಚಾರವೆನಿಸಿತು. ಸಂಸ್ಕೃತದ ಆಲಂಕಾರಿಕ ದಂಡಿಯನ್ನೂ ಕನ್ನಡದ ‘ಕವಿರಾಜಮಾರ್ಗ’ವನ್ನೂ ಓದಿದವರಿಗೆ ಆ ವಿಭಜನೆ ಅಪರಿಚಿತವಲ್ಲ. ಆದರೆ ಅಂಗಗಳನ್ನು ಗುರುತಿಸಿ ಹೆಸರಿಡುವುದು ವ್ಯಾಖ್ಯಾನದ ಆರಂಭ ಮಾತ್ರ. ನಿಜವಾದ ಪ್ರಶ್ನೆ, ಇಷ್ಟೆಲ್ಲ ವಸ್ತುಗಳಿರುವಾಗ ಕವಿ ಈ ಉಪಮಾನವನ್ನೇ ಏಕೆ ಆರಿಸಿದ, ಯಾವುದನ್ನು ಬೇಡವೆಂದ ಎಂಬುದು.

ಪಿ. ಲಂಕೇಶರ ‘ಅವ್ವ’ ಕವಿತೆ ಇದಕ್ಕೆ ಒಳ್ಳೆಯ ನಿದರ್ಶನ. ಅದು ತಾಯಿಯನ್ನು ಬೆಳೆ ಕೊಡುವ ಕಪ್ಪು ಮಣ್ಣಾಗಿ ಕಾಣುತ್ತದೆ. ತಾಯಿಯನ್ನು ಭೂಮಿಗೆ ಹೋಲಿಸುವುದು ಕನ್ನಡಕ್ಕೆ ಹೊಸದಲ್ಲ. ಕ್ಷಮಯಾಧರಿತ್ರಿ ಎಂಬ ಮಾತು ಎಷ್ಟೋ ನಾಲಗೆಗಳ ಮೇಲೆ ಸವೆದುಹೋಗಿದೆ. ಲಂಕೇಶರು ಮಾಡಿದ್ದು ಆ ಸವೆದ ಭೂಮಿಯನ್ನು ಕೈಬಿಟ್ಟು, ಉಳುಮೆಗೂ ಬಿಸಿಲಿಗೂ ಒಡ್ಡಿಕೊಂಡ ನಿಜವಾದ ಹೊಲದ ಮಣ್ಣನ್ನು ತಂದದ್ದು, ಜೊತೆಗೆ ಪುರಾಣದ ಪತಿವ್ರತೆಯರ ಸಾಲಿನಲ್ಲಿ ಆಕೆಯನ್ನು ನಿಲ್ಲಿಸಲು ಒಪ್ಪದೆ ಇದ್ದದ್ದು. ಸಿದ್ಧ ಸಂಕೇತಗಳನ್ನು ನಿರಾಕರಿಸುತ್ತಲೇ ಹೊಸ ರೂಪಕವನ್ನು ಕಟ್ಟುವ ಈ ಕವಿತೆಯನ್ನು ‘ತಾಯಿ ಭೂಮಿಯ ಸಂಕೇತ’ ಎಂದು ಒಂದೇ ಸಾಲಿನಲ್ಲಿ ಮುಗಿಸುವವರು, ಕವಿ ಶ್ರಮಪಟ್ಟು ಹೊರಹಾಕಿದ್ದನ್ನೇ ಮತ್ತೆ ಒಳಗೆ ತಂದು ಕೂರಿಸುತ್ತಾರೆ.

ಪದವೊಂದು ತನ್ನ ನೇರ ಅರ್ಥವನ್ನು ದಾಟುವ ಬಗೆಯನ್ನು ಆಲಂಕಾರಿಕರು ಮೂರು ಶಕ್ತಿಗಳಾಗಿ ವಿವರಿಸಿದರು. ನಿಘಂಟಿನ ಅರ್ಥವನ್ನು ಕೊಡುವ ಶಕ್ತಿ ಅಭಿಧೆ. ನೇರ ಅರ್ಥ ಹೊಂದದೆ ಇದ್ದಾಗ ಅದಕ್ಕೆ ಸಂಬಂಧಪಟ್ಟ ಇನ್ನೊಂದು ಅರ್ಥಕ್ಕೆ ಕೊಂಡೊಯ್ಯುವ ಶಕ್ತಿ ಲಕ್ಷಣೆ. ಗಂಗೆಯಲ್ಲಿ ಗೊಲ್ಲರ ಹಟ್ಟಿ ಇದೆ ಎಂಬುದು ಇದಕ್ಕೆ ಶಾಸ್ತ್ರಗ್ರಂಥಗಳು ಕೊಡುವ ಪ್ರಸಿದ್ಧ ಉದಾಹರಣೆ: ಹರಿಯುವ ನೀರಿನ ಮೇಲೆ ಹಟ್ಟಿ ಇರಲಾರದು, ಆದ್ದರಿಂದ ನೇರ ಅರ್ಥಕ್ಕೆ ಬಾಧೆ ಬಂತು, ನೀರಿಗೂ ದಡಕ್ಕೂ ಸಾಮೀಪ್ಯವಿರುವುದರಿಂದ ಕೇಳುವವರು ‘ಗಂಗೆಯ ದಡದಲ್ಲಿ’ ಎಂದು ತಿಳಿಯುತ್ತಾರೆ, ದಡ ಎನ್ನದೆ ಗಂಗೆ ಎಂದದ್ದರ ಪ್ರಯೋಜನವೆಂದರೆ ಆ ಹಟ್ಟಿಯ ತಂಪೂ ಪಾವಿತ್ರ್ಯವೂ ಹೊಳೆಯುವುದು. ಈ ಕೊನೆಯದನ್ನು, ಅಂದರೆ ತಂಪು ಮತ್ತು ಪಾವಿತ್ರ್ಯದ ಹೊಳಹನ್ನು, ಅಭಿಧೆಯಾಗಲಿ ಲಕ್ಷಣೆಯಾಗಲಿ ಕೊಡಲಾರವು. ಅದನ್ನು ಕೊಡುವುದು ವ್ಯಂಜನೆ ಎಂಬ ಮೂರನೆಯ ಶಕ್ತಿ. ವ್ಯಂಜನೆಯಿಂದ ಹೊಳೆಯುವ ಅರ್ಥವೇ ಪ್ರಧಾನವಾಗಿರುವ ಕಾವ್ಯವನ್ನು ಧ್ವನಿಕಾವ್ಯ ಎನ್ನುತ್ತಾರೆ. 9ನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ‘ಧ್ವನ್ಯಾಲೋಕ’ದಲ್ಲಿ ಈ ತತ್ತ್ವವನ್ನು ಸ್ಥಾಪಿಸಿದ, ಅದೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದ ಶ್ರೀವಿಜಯ ‘ಕವಿರಾಜಮಾರ್ಗ’ದಲ್ಲಿ ಧ್ವನಿಯನ್ನು ಒಂದು ಅಲಂಕಾರವಾಗಿ ಹೆಸರಿಸಿದ್ದಾನೆ ಎಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ.

ಆನಂದವರ್ಧನನ ಒಂದು ಮಾತು ಇಂದಿನ ಓದುಗರಿಗೂ ದಾರಿದೀಪವಾಗುವಂಥದು. ಬೆಳಕು ಬೇಕಾದವನು ದೀಪದ ಕುಡಿಯನ್ನು ಎಚ್ಚರದಿಂದ ಕಾಪಾಡುವಂತೆ, ವ್ಯಂಗ್ಯಾರ್ಥವನ್ನು ಬಯಸುವವನು ವಾಚ್ಯಾರ್ಥದಲ್ಲಿ, ಅಂದರೆ ಪದಗಳು ನೇರವಾಗಿ ಹೇಳುವ ಅರ್ಥದಲ್ಲಿ, ಆದರವಿಡಬೇಕು ಎಂಬುದು ಅವನ ಅಭಿಪ್ರಾಯ. ಧ್ವನಿಸಿದ್ಧಾಂತವನ್ನು ‘ಒಳ ಅರ್ಥ ಹುಡುಕುವ ಶಾಸ್ತ್ರ’ ಎಂದು ತಿಳಿದವರು ಈ ಭಾಗವನ್ನು ಮರೆಯುತ್ತಾರೆ. ಹೊರ ಅರ್ಥವನ್ನು ಸಿಪ್ಪೆಯೆಂದು ಎಸೆಯಲು ಆ ಶಾಸ್ತ್ರ ಎಲ್ಲಿಯೂ ಹೇಳುವುದಿಲ್ಲ. ಸೂರ್ಯ ಮುಳುಗಿದ ಎಂಬ ಸರಳ ಮಾತು ದನ ಕಾಯುವವನಿಗೆ ಮಂದೆಯನ್ನು ಕೂಡಿಸುವ ಹೊತ್ತೆಂದೂ, ಸಂಧ್ಯಾವಂದನೆ ಮಾಡುವವನಿಗೆ ಕರ್ಮದ ಹೊತ್ತೆಂದೂ, ನಲ್ಲನ ಬಳಿಗೆ ಹೊರಟವಳಿಗೆ ಬೇರೆಯೇ ಒಂದು ಹೊತ್ತೆಂದೂ ಕೇಳಿಸುತ್ತದೆ ಎಂದು 11ನೆಯ ಶತಮಾನದ ಮಮ್ಮಟ ವಿವರಿಸುವಾಗ, ಸೂರ್ಯ ನಿಜವಾಗಿ ಮುಳುಗಿದ್ದಾನೆ ಎಂಬುದರಲ್ಲಿ ಆ ಎಲ್ಲ ಕೇಳುಗರಿಗೂ ಒಮ್ಮತವಿರುತ್ತದೆ. ಆಡಿದವರು ಯಾರು, ಕೇಳಿದವರು ಯಾರು, ಸಂದರ್ಭ ಯಾವುದು ಎಂಬ ಮೂರನ್ನೂ ತಿಳಿಯದೆ ಧ್ವನಿಯನ್ನು ನಿರ್ಣಯಿಸಲಾಗದು ಎಂಬ ಪಾಠವೂ ಅದರಲ್ಲಿಯೇ ಅಡಗಿದೆ. ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ ಈ ಚರ್ಚೆಗಳನ್ನೆಲ್ಲ ತಿಳಿಗನ್ನಡದಲ್ಲಿ ಒದಗಿಸಿ ಏಳು ದಶಕಗಳೇ ಕಳೆದಿದ್ದರೂ, ತರಗತಿಗಳಲ್ಲಿ ಅದು ಅಲಂಕಾರಗಳ ಲಕ್ಷಣ ಹೇಳಿಸಲು ಬಳಕೆಯಾದಷ್ಟು ಕವಿತೆ ಓದಿಸಲು ಬಳಕೆಯಾಗಿಲ್ಲ ಎಂಬುದು ವಿಷಾದದ ವಿಷಯ.

ಸಂಕೇತಗಳಲ್ಲೂ ಎಲ್ಲವೂ ಒಂದೇ ಬಗೆಯವಲ್ಲ. ಕೆಲವು ಕವಿಗಳೆಲ್ಲರೂ ಒಪ್ಪಿಕೊಂಡು ಬಂದವು: ಚಕೋರ ಬೆಳದಿಂಗಳನ್ನು ಕುಡಿಯುತ್ತದೆ, ಹಂಸ ಹಾಲನ್ನು ನೀರಿನಿಂದ ಬೇರ್ಪಡಿಸುತ್ತದೆ, ಕೀರ್ತಿಯ ಬಣ್ಣ ಬಿಳಿ. ಲೋಕದಲ್ಲಿ ಕಾಣದಿದ್ದರೂ ಕಾವ್ಯದಲ್ಲಿ ನಿಜವೆಂದು ನಡೆಯುವ ಇಂಥ ರೂಢಿಯನ್ನು ಕವಿಸಮಯ ಎನ್ನುತ್ತಾರೆ. ಇವುಗಳ ಅರ್ಥ ಕೃತಿಯ ಹೊರಗೆ ಮೊದಲೇ ನಿಗದಿಯಾಗಿರುವುದರಿಂದ ಇವುಗಳ ವಿಷಯದಲ್ಲಿ ಮಾತ್ರ ಗೈಡುಗಳ ಸಮೀಕರಣ ತಕ್ಕಮಟ್ಟಿಗೆ ಸರಿ.

ಇನ್ನು ಕೆಲವು ಕೃತಿಗಳಲ್ಲಿ ಇಡೀ ಕಥೆಯೇ ಬೇರೊಂದು ವಿಷಯವನ್ನು ಉದ್ದಕ್ಕೂ ಜೊತೆಗೂಡಿ ಹೇಳುತ್ತದೆ. ಅದನ್ನು ಅನ್ಯೋಕ್ತಿಯ ಜಾತಿಗೆ ಸೇರಿದ ರೂಪಕಕಥೆ ಎನ್ನಬಹುದು. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಧಾನ್ಯಗಳಲ್ಲಿ ಯಾವುದು ಮೇಲು ಎಂದು ನರೆದಲಗ ಎಂಬ ರಾಗಿಗೂ ವ್ರೀಹಿ ಎಂಬ ಭತ್ತಕ್ಕೂ ರಾಮನ ಎದುರು ಜಗಳ ಹತ್ತುತ್ತದೆ, ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸುತ್ತಾನೆ, ಅವಧಿ ಮುಗಿದಾಗ ಭತ್ತ ಸೊರಗಿರುತ್ತದೆ, ರಾಗಿ ಗಟ್ಟಿಯಾಗಿ ಉಳಿದಿರುತ್ತದೆ. ಬಡವರ ಊಟಕ್ಕೂ ಉಳ್ಳವರ ಊಟಕ್ಕೂ ನಡುವಿನ ಈ ವಾದದಲ್ಲಿ ಮೇಲುಕೀಳಿನ ಸಮಾಜವನ್ನು ಕಾಣದೆ ಇರುವುದು ಅಸಾಧ್ಯ. ಆದರೂ ಈ ಕೃತಿಯ ಶಕ್ತಿ ನಿಂತಿರುವುದು ಒಂದು ಕೃಷಿಸತ್ಯದ ಮೇಲೆ: ರಾಗಿ ಬಹುಕಾಲ ಹುಳ ಹಿಡಿಯದೆ ಕಣಜದಲ್ಲಿ ಉಳಿಯುವ ಧಾನ್ಯ ಎಂಬುದು ಮೈಸೂರು ಸೀಮೆಯ ಪ್ರತಿಯೊಬ್ಬ ರೈತನಿಗೂ ಗೊತ್ತು. ಆ ಸತ್ಯ ಇಲ್ಲದಿದ್ದರೆ ಕನಕದಾಸರ ನ್ಯಾಯತೀರ್ಪು ಬರಿಯ ಘೋಷಣೆಯಾಗುತ್ತಿತ್ತು. ರೂಪಕಕಥೆಯಂಥ ನೇರವಾದ ಪ್ರಕಾರದಲ್ಲಿಯೂ ಸಂಕೇತ ತನ್ನ ಬಲವನ್ನು ಸಂಗತಿಯಿಂದಲೇ ಪಡೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮೂರನೆಯ ಬಗೆಯೇ ಹೆಚ್ಚು ಎಚ್ಚರವನ್ನು ಬೇಡುವಂಥದು. ಇಲ್ಲಿ ರೂಢಿಯ ನೆರವಿಲ್ಲ, ಕಥೆಯ ಪ್ರತಿ ಅಂಶಕ್ಕೂ ಇನ್ನೊಂದು ಅಂಶವನ್ನು ಜೋಡಿಸುವ ಸೂತ್ರವೂ ಇಲ್ಲ. ಒಂದು ವಸ್ತು, ಒಂದು ಘಟನೆ, ಕೃತಿಯೊಳಗೆ ಅದು ಬರುವ ಜಾಗದಿಂದ, ಮತ್ತೆ ಮತ್ತೆ ಮರಳುವ ಬಗೆಯಿಂದ, ಸುತ್ತಲಿನವುಗಳೊಡನೆ ಅದು ಹೊಂದಿರುವ ಸಂಬಂಧದಿಂದ ಮೆಲ್ಲಗೆ ಅರ್ಥ ತುಂಬಿಕೊಳ್ಳುತ್ತದೆ. ನವ್ಯ ಕಾಲದ ವಿಮರ್ಶೆ ಇದಕ್ಕೆ ಪ್ರತೀಕ ಎಂಬ ಹೆಸರನ್ನು ಬಳಕೆಗೆ ತಂದಿತು. ಕನ್ನಡದಲ್ಲಿ ಇದರ ಅತ್ಯುನ್ನತ ಮಾದರಿಯೆಂದರೆ ಪಂಪ 941ರಲ್ಲಿ ರಚಿಸಿದ ‘ಆದಿಪುರಾಣ’ದ ನೀಲಾಂಜನೆಯ ಪ್ರಸಂಗ.

ಆದಿತೀರ್ಥಂಕರನಾಗಬೇಕಾದ ಪುರುದೇವ ರಾಜ್ಯಭೋಗದಲ್ಲಿ ಮುಳುಗಿದ್ದಾನೆ. ಅವನಲ್ಲಿ ವೈರಾಗ್ಯ ಹುಟ್ಟಿಸಲೆಂದು ಇಂದ್ರ ಆಸ್ಥಾನದಲ್ಲಿ ನೃತ್ಯವನ್ನು ಏರ್ಪಡಿಸಿ, ಆಯುಸ್ಸು ಮುಗಿಯುತ್ತಿರುವ ನೀಲಾಂಜನೆ ಎಂಬ ದೇವನರ್ತಕಿಯನ್ನು ರಂಗಕ್ಕೆ ತರುತ್ತಾನೆ. ನೃತ್ಯದ ನಡುವೆಯೇ ಆಕೆಯ ಆಯುಸ್ಸು ತೀರಿ ದೇಹ ಕಣ್ಮರೆಯಾಗುತ್ತದೆ. ರಸಭಂಗವಾಗದಂತೆ ಇಂದ್ರ ಆ ಕ್ಷಣದಲ್ಲಿಯೇ ಅವಳಂತೆಯೇ ಇರುವ ಇನ್ನೊಬ್ಬಳನ್ನು ಸೃಷ್ಟಿಸುತ್ತಾನೆ, ನೃತ್ಯ ಮುಂದುವರಿಯುತ್ತದೆ, ತುಂಬಿದ ಸಭೆಯಲ್ಲಿ ಪುರುದೇವನೊಬ್ಬನ ಹೊರತು ಯಾರಿಗೂ ಇದು ತಿಳಿಯುವುದಿಲ್ಲ. ಕಂಡವನಿಗೆ ಆ ಒಂದು ಕಾಣ್ಕೆಯೇ ಸಾಕಾಗುತ್ತದೆ. ಅವನು ಎಲ್ಲವನ್ನೂ ತೊರೆದು ಹೊರಡುತ್ತಾನೆ.

ಈ ಪ್ರಸಂಗವನ್ನು ‘ನೀಲಾಂಜನೆ ಜೀವನದ ಕ್ಷಣಿಕತೆಯ ಸಂಕೇತ’ ಎಂದು ಬರೆದರೆ ತಪ್ಪಾಗುವುದಿಲ್ಲ, ಆದರೆ ಅಷ್ಟರಿಂದ ಏನೂ ದಕ್ಕುವುದಿಲ್ಲ. ಮೊದಲನೆಯದಾಗಿ, ಪಂಪ ಆ ನೃತ್ಯವನ್ನು ಆತುರದಿಂದ ಮುಗಿಸುವುದಿಲ್ಲ; ನರ್ತಕಿಯ ಪ್ರವೇಶ, ಹಾವಭಾವ, ಗತಿಗಳನ್ನು ರಸಿಕನಾಗಿ ನಿಂತು ಬಣ್ಣಿಸುತ್ತಾನೆ, ಓದುಗರೂ ಆ ಸಭೆಯಲ್ಲಿ ಕುಳಿತು ಮೈಮರೆಯುವಂತೆ ಮಾಡುತ್ತಾನೆ. ಹೀಗೆ ಮೈಮರೆತ ಓದುಗರಿಗೆ ಮಾತ್ರ ಆಕೆಯ ಕಣ್ಮರೆ ತಾಕುತ್ತದೆ. ಶೃಂಗಾರ ಪೂರ್ತಿ ಶೃಂಗಾರವಾಗಿ ಅರಳಿದ್ದರಿಂದಲೇ ಅದು ಶಾಂತಕ್ಕೆ ತಿರುಗಿದಾಗ ಎದೆ ಝಲ್ಲೆನ್ನುತ್ತದೆ. ನೃತ್ಯವನ್ನು ಒಂದು ನೀತಿಯ ನೆಪವಾಗಿ ಮೊದಲೇ ಓದಿಬಿಟ್ಟವರು ಆ ತಿರುವನ್ನು ಅನುಭವಿಸಲಾರರು. ಎರಡನೆಯದಾಗಿ, ಪುರುದೇವನ ಜ್ಞಾನ ತತ್ತ್ವದಿಂದ ಆರಂಭವಾಗುವುದಿಲ್ಲ. ಅವನು ಮೊದಲು ಕಂಡದ್ದು ಒಂದು ಸಂಗತಿಯನ್ನು: ಈಗ ಕುಣಿಯುತ್ತಿರುವವಳು ಮೊದಲು ಕುಣಿದವಳಲ್ಲ. ಸಭೆಗೆ ಕಂಡದ್ದು ಅಖಂಡವಾದ ನೃತ್ಯ, ಅವನಿಗೆ ಕಂಡದ್ದು ಆ ನೃತ್ಯದ ನಡುವಿನ ಬಿರುಕು. ಒಂದು ಸೂಕ್ಷ್ಮ ವಿವರವನ್ನು ತಪ್ಪಿಸಿಕೊಳ್ಳದ ಗಮನವೇ ಅವನನ್ನು ಅರ್ಥದ ಬಳಿಗೆ ಕರೆದೊಯ್ಯಿತು. ಜೈನ ಪರಿಭಾಷೆಯಲ್ಲಿ ಅದಕ್ಕೆ ಅವಧಿಜ್ಞಾನ ಎಂಬ ವಿಶೇಷ ಅರಿವಿನ ಹೆಸರಿದೆ. ಕಾವ್ಯದ ಓದುಗರ ಮಟ್ಟಿಗೆ ಹೇಳುವುದಾದರೆ, ಸಹೃದಯ ಎಂಬ ಹೆಸರಿಗೆ ಪುರುದೇವನಿಗಿಂತ ತಕ್ಕವನು ಕನ್ನಡ ಕಾವ್ಯಲೋಕದಲ್ಲಿ ಇನ್ನೊಬ್ಬನಿಲ್ಲ.

ಇಲ್ಲಿಂದ ಆಶಯ ಎಂಬ ಪರಿಕಲ್ಪನೆಗೆ ಹೋಗಬಹುದು. ಕೃತಿ ಯಾವುದರ ಬಗ್ಗೆ ಇದೆಯೋ ಅದು ವಸ್ತು. ಆ ವಸ್ತುವಿನ ಮೂಲಕ ಕೃತಿ ಮಾಡುವ ಶೋಧ ಆಶಯ. ಆಶಯವನ್ನು ಒಂದೇ ನಾಮಪದದಲ್ಲಿ ಹೇಳುವ ಚಟ ಬಹಳ ಬೇರುಬಿಟ್ಟಿದೆ: ‘ಗೋವಿನ ಹಾಡಿ’ನದು ಸತ್ಯ, ‘ಆದಿಪುರಾಣ’ದ್ದು ವೈರಾಗ್ಯ. ಗೋವಿನ ಹಾಡಿನಲ್ಲಿ ಪುಣ್ಯಕೋಟಿ ಸತ್ಯವಂತೆ ಎಂಬುದು ಕಥೆಯ ಆರಂಭದಲ್ಲಿಯೇ ಗೊತ್ತಾಗುವ ಸಂಗತಿ. ಹಾಡು ಕೇಳುವವರ ಕಣ್ಣು ತುಂಬುವುದು ಆ ಸತ್ಯಕ್ಕೆ ತೆರಬೇಕಾದ ಬೆಲೆ ಒಂದು ಎಳೆಗರುವಿನ ಅನಾಥತನ ಎಂದು ತಿಳಿದಾಗ, ಕೊನೆಗೆ ಆ ಬೆಲೆಯನ್ನು ಹುಲಿಯೇ ತನ್ನ ಪ್ರಾಣದಿಂದ ತೆತ್ತಾಗ. ಆಶಯವಿರುವುದು ಸತ್ಯ ಎಂಬ ಪದದಲ್ಲಲ್ಲ, ಕೊಟ್ಟ ಮಾತಿಗೂ ತಾಯ್ತನಕ್ಕೂ ನಡುವಿನ ಆ ಎಳೆದಾಟದಲ್ಲಿ.

‘ಆದಿಪುರಾಣ’ದ ಆಶಯವನ್ನು ಕಾಣಬೇಕಾದರೆ ನೀಲಾಂಜನೆಯ ಪ್ರಸಂಗದಿಂದ ಹಿಂದಕ್ಕೂ ಮುಂದಕ್ಕೂ ನೋಡಬೇಕು. ಪುರುದೇವನ ಹಿಂದಿನ ಜನ್ಮಗಳ ಸಾಲನ್ನು, ಅಂದರೆ ಭವಾವಳಿಯನ್ನು, ಪಂಪ ವಿಸ್ತಾರವಾಗಿ ಹೇಳುತ್ತಾನೆ. ಅವುಗಳಲ್ಲಿ ಒಂದರಲ್ಲಿ ಆ ಜೀವ ಲಲಿತಾಂಗ ಎಂಬ ದೇವನಾಗಿ ಸ್ವಯಂಪ್ರಭೆಯೊಡನೆ ಸ್ವರ್ಗಸುಖದಲ್ಲಿರುವಾಗ, ಎಂದೂ ಬಾಡದ ಅವನ ಕೊರಳ ಮಾಲೆ ಬಾಡತೊಡಗುತ್ತದೆ. ಅದು ಆಯುಸ್ಸು ಮುಗಿಯುತ್ತಿರುವುದರ ಸೂಚನೆ. ಮುಂದಿನ ಜನ್ಮದಲ್ಲಿ ಅವನು ವಜ್ರಜಂಘ, ಆಕೆ ಶ್ರೀಮತಿ. ಮುಚ್ಚಿದ ಶಯ್ಯಾಗೃಹದಲ್ಲಿ ಸುಖಕ್ಕೆಂದು ಹಾಕಿಸಿದ ಧೂಪದ ಹೊಗೆಯೇ ಉಸಿರುಕಟ್ಟಿಸಿ ಇಬ್ಬರೂ ಒಬ್ಬರನ್ನೊಬ್ಬರು ಅಪ್ಪಿಕೊಂಡಂತೆಯೇ ಸಾಯುತ್ತಾರೆ. ಮಾಲೆ, ಧೂಪ, ನೃತ್ಯ ಈ ಮೂರೂ ಭೋಗದ ಉಪಕರಣಗಳು. ಮೂರರಲ್ಲಿಯೂ ಸಾವು ಹೊರಗಿನಿಂದ ಶತ್ರುವಾಗಿ ಬರದೆ ಸುಖದ ಸಾಮಗ್ರಿಯ ಒಳಗಿನಿಂದಲೇ ಮೂಡುತ್ತದೆ. ಮುಂದೆ ಪುರುದೇವನ ಮಗ ಬಾಹುಬಲಿ ಅಣ್ಣ ಭರತನನ್ನು ದೃಷ್ಟಿ, ಜಲ, ಮಲ್ಲ ಎಂಬ ಮೂರು ಯುದ್ಧಗಳಲ್ಲಿಯೂ ಗೆದ್ದು, ಗೆದ್ದ ಆ ಗಳಿಗೆಯಲ್ಲಿಯೇ ರಾಜ್ಯವನ್ನು ಬಿಟ್ಟು ತಪಸ್ಸಿಗೆ ನಡೆಯುತ್ತಾನೆ. ಈ ವಿನ್ಯಾಸವನ್ನು ಕಂಡವರಿಗೆ ಪಂಪನ ಕಾವ್ಯ ಭೋಗವನ್ನು ಹಳಿಯುವ ಕಾವ್ಯವಲ್ಲವೆಂದು ಹೊಳೆಯುತ್ತದೆ. ಭೋಗ ತನ್ನ ತುತ್ತತುದಿಯನ್ನು ಮುಟ್ಟಿದಾಗ ತನ್ನ ಒಳಗಿನಿಂದಲೇ ತ್ಯಾಗವನ್ನು ಹೆರುತ್ತದೆ, ಸೋತವನ ಬಿಡುಗಡೆಗಿಂತ ಗೆದ್ದವನ ಬಿಡುಗಡೆ ದೊಡ್ಡದು ಎಂಬುದು ಅಲ್ಲಿನ ಶೋಧ. ಇದನ್ನು ಯಾವ ಪಾತ್ರವೂ ಭಾಷಣವಾಗಿ ಹೇಳಬೇಕಾಗಿಲ್ಲ; ಮರಳಿ ಮರಳಿ ಬರುವ ಪ್ರತಿಮೆಗಳು, ಅಂದರೆ ಮನಸ್ಸಿನ ಕಣ್ಣಿಗೆ ಕಟ್ಟುವ ಚಿತ್ರಗಳು, ಒಂದಕ್ಕೊಂದು ಬೆಳಕು ಕೊಟ್ಟು ಅದನ್ನು ತೋರಿಸುತ್ತವೆ. ಬಾಡಿದ ಮಾಲೆಯನ್ನು ಓದುತ್ತಾ ದಾಟಿಹೋದವರಿಗೆ ನೀಲಾಂಜನೆಯ ನೃತ್ಯ ಅರ್ಧವೇ ಕಾಣುತ್ತದೆ.

1965ರಲ್ಲಿ ಪ್ರಕಟವಾದ ‘ಸಂಸ್ಕಾರ’ ಕಾದಂಬರಿಗೆ ಬಂದರೆ, ಅಲ್ಲಿ ಎಲ್ಲವೂ ತಲೆಕೆಳಗಾಗಿ ಎದುರಾಗುತ್ತದೆ. ದೂರ್ವಾಸಪುರದ ಅಗ್ರಹಾರದಲ್ಲಿ, ಆಚಾರಗಳನ್ನೆಲ್ಲ ಮುರಿದು ಬದುಕಿದ್ದ ನಾರಣಪ್ಪ ಶಿವಮೊಗ್ಗೆಗೆ ಹೋಗಿ ಜ್ವರ ಹೊತ್ತು ಬಂದು ಸಾಯುತ್ತಾನೆ. ಅವನ ಶವದ ಸಂಸ್ಕಾರ ಮಾಡಬೇಕಾದವರು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಗದೆ ಹೆಣ ಮನೆಯಲ್ಲಿಯೇ ಉಳಿಯುತ್ತದೆ. ಅಗ್ರಹಾರ ಉಪವಾಸ ಬೀಳುತ್ತದೆ. ಇಲಿಗಳು ಹೊರಬಂದು ಸಾಯುತ್ತವೆ, ರಣಹದ್ದುಗಳು ಮನೆಗಳ ಮಾಡಿನ ಮೇಲೆ ಬಂದು ಕೂರುತ್ತವೆ, ಊರಾಚೆಯ ಗುಡಿಸಲುಗಳಲ್ಲಿ ಜನ ಸಾಯುತ್ತಾರೆ. ಬ್ರಾಹ್ಮಣರು ಜಾಗಟೆ ಬಡಿದು ಶಂಖ ಊದಿ ಹದ್ದುಗಳನ್ನು ಓಡಿಸುತ್ತಾರೆ, ಇದೆಲ್ಲ ಧರ್ಮ ಕೆಟ್ಟದ್ದರ ಸೂಚನೆ ಎಂದು ನಡುಗುತ್ತಾರೆ. ವಾಸ್ತವದಲ್ಲಿ ಅದು ಪ್ಲೇಗು.

ಈ ಕಾದಂಬರಿಯಲ್ಲಿ ಇಲಿ ಮತ್ತು ಹದ್ದುಗಳು ಅಗ್ರಹಾರದ ಕೊಳೆತ ಸ್ಥಿತಿಯ ಸಂಕೇತಗಳು ಎಂದು ಬರೆಯುವುದು ವಾಡಿಕೆ. ಆ ಓದಿನಲ್ಲಿರುವ ತೊಡಕೆಂದರೆ, ಅಗ್ರಹಾರದವರೂ ಅವನ್ನು ಸಂಕೇತಗಳೆಂದೇ ಓದಿದರು, ಮತ್ತು ಆ ಓದೇ ಅವರನ್ನು ಕೊಂದಿತು. ಸತ್ತ ಇಲಿಯನ್ನು ಮೊದಲು ಸತ್ತ ಇಲಿಯಾಗಿ, ರೋಗದ ಲಕ್ಷಣವಾಗಿ ಕಂಡಿದ್ದರೆ ಅವರು ಊರು ಬಿಟ್ಟು ಉಳಿದುಕೊಳ್ಳಬಹುದಿತ್ತು. ಸಂಗತಿಯನ್ನು ಹಾರಿ ಒಮ್ಮೆಗೇ ಅರ್ಥಕ್ಕೆ ಹೋಗುವ ಮನಸ್ಸಿನ ದುರಂತವನ್ನು ಅನಂತಮೂರ್ತಿಯವರು ಇಲ್ಲಿ ಇಟ್ಟಿದ್ದಾರೆ. ವೇದಾಂತಶಿರೋಮಣಿ ಎನಿಸಿದ ಪ್ರಾಣೇಶಾಚಾರ್ಯರ ಸ್ಥಿತಿಯೂ ಬೇರೆಯಲ್ಲ; ಅವರು ಗ್ರಂಥಗಳನ್ನು ತಿರುವುತ್ತಾರೆ, ಅಲ್ಲಿ ಉತ್ತರ ಸಿಗದೆ ಮಾರುತಿಯ ಗುಡಿಗೆ ಹೋಗಿ ಬಲಗಡೆಯ ಹೂವು ಬೀಳಲೆಂದು ಇಡೀ ದಿನ ಬೇಡುತ್ತಾರೆ, ದೇವರು ಯಾವ ಸೂಚನೆಯನ್ನೂ ಕೊಡುವುದಿಲ್ಲ. ಮರಳಿ ಬರುವಾಗ ಕಾಡಿನ ಕತ್ತಲಲ್ಲಿ ನಾರಣಪ್ಪನ ಪ್ರೇಯಸಿ ಚಂದ್ರಿಯೊಡನೆ ಆಗುವ ಕೂಡಿಕೆ, ಯಾವ ಸೂಚನೆಯೂ ಇಲ್ಲದೆ, ಯಾವ ಗ್ರಂಥದ ಅಪ್ಪಣೆಯೂ ಇಲ್ಲದೆ ನಡೆದುಹೋಗುವ ಅಪ್ಪಟ ಸಂಗತಿ. ಆ ನಂತರದ ಅವರ ಅಲೆದಾಟವೆಲ್ಲ ಅದನ್ನು ಸಂಗತಿಯಾಗಿ ಒಪ್ಪಿಕೊಳ್ಳುವ ಒದ್ದಾಟ.

ಕಾದಂಬರಿಯ ಅತ್ಯಂತ ತೀಕ್ಷ್ಣವಾದ ವಿವರ ಇನ್ನೊಂದಿದೆ, ಅದರ ಮೇಲೆ ಸಾಲುವಷ್ಟು ಗಮನ ಬಿದ್ದಿಲ್ಲ. ಆಚಾರ್ಯರು ಇನ್ನೂ ಹಿಂದಿರುಗದೆ, ಬ್ರಾಹ್ಮಣರು ಇನ್ನೂ ನಿರ್ಣಯಕ್ಕೆ ಬರದೆ ಇರುವಾಗಲೇ ಚಂದ್ರಿ ರಾತ್ರೋರಾತ್ರಿ ಒಬ್ಬ ಮುಸಲ್ಮಾನನ ನೆರವಿನಿಂದ ನಾರಣಪ್ಪನ ಹೆಣವನ್ನು ಸುಡಿಸಿ ಕುಂದಾಪುರದ ದಾರಿ ಹಿಡಿಯುತ್ತಾಳೆ. ಇದು ಅಗ್ರಹಾರಕ್ಕೆ ತಿಳಿಯುವುದಿಲ್ಲ. ಇಲ್ಲದ ಹೆಣದ ಬಗ್ಗೆ ಚರ್ಚೆ ನಡೆಯುತ್ತದೆ, ಇಲ್ಲದ ಹೆಣಕ್ಕಾಗಿ ಮಠಗಳಿಗೆ ಪ್ರಯಾಣ ಹೊರಡುತ್ತಾರೆ. ಪುರುದೇವನ ಸಭೆಯಲ್ಲಿ ನರ್ತಕಿ ಇಲ್ಲವಾಗಿದ್ದರೂ ಜನ ನೃತ್ಯ ನೋಡುತ್ತಲೇ ಇದ್ದರು. ದೂರ್ವಾಸಪುರದಲ್ಲಿ ಶವ ಇಲ್ಲವಾಗಿದ್ದರೂ ಜನ ಶವದ ಬಗ್ಗೆ ವಾದಿಸುತ್ತಲೇ ಇದ್ದಾರೆ. ಪಂಪನ ಲೋಕದಲ್ಲಿ ಕಂಡವನೊಬ್ಬನಿದ್ದ, ಅವನು ಬಿಡುಗಡೆಯ ಕಡೆಗೆ ನಡೆದ. ಅನಂತಮೂರ್ತಿಯವರ ಲೋಕದಲ್ಲಿ ವಾದಿಸುವ ಪಂಡಿತರಿಗೆ ಕಾಣದ ಸತ್ಯ, ಶಾಸ್ತ್ರದ ಅರಿವಿಲ್ಲದೆ ಹೆಣವನ್ನು ಹೆಣವೆಂದು ಕಂಡ ಒಬ್ಬ ಹೆಣ್ಣಿಗೆ ಗೊತ್ತಿರುತ್ತದೆ.

ವ್ಯಾಖ್ಯಾನವೊಂದನ್ನು ಪರೀಕ್ಷಿಸುವ ಬಗೆಯೂ ಈ ಕಾದಂಬರಿಯಿಂದಲೇ ಸ್ಪಷ್ಟವಾಗುತ್ತದೆ. ನಾರಣಪ್ಪನ ಹೆಣ ಸತ್ತುಹೋದ ಸಂಪ್ರದಾಯದ ಸಂಕೇತ ಎಂಬ ಓದು ಮೊದಲ ನೋಟಕ್ಕೆ ಸೊಗಸಾಗಿ ಕಾಣುತ್ತದೆ, ಆದರೆ ವಿವರಗಳ ಎದುರು ನಿಲ್ಲುವುದಿಲ್ಲ: ಸತ್ತವನು ಸಂಪ್ರದಾಯದ ವೈರಿ, ಸಾಲಿಗ್ರಾಮವನ್ನು ನೀರಿಗೆಸೆದವನು. ಅವನ ಹೆಣವನ್ನು ಅಗ್ರಹಾರ ತನ್ನದೆಂದು ಸುಡಲಾರದು, ತನ್ನದಲ್ಲವೆಂದು ಎಸೆಯಲೂ ಆರದು. ಅಂತ್ಯಕ್ರಿಯೆಯ ಖರ್ಚಿಗೆಂದು ಚಂದ್ರಿ ತನ್ನ ಚಿನ್ನದ ಒಡವೆಗಳನ್ನು ಬಿಚ್ಚಿಟ್ಟ ಕೂಡಲೆ, ಅದುವರೆಗೆ ದೂರ ಸರಿಯುತ್ತಿದ್ದವರಿಗೇ ಸಂಸ್ಕಾರದ ಹಕ್ಕಿನ ಆಸೆ ಹುಟ್ಟುತ್ತದೆ. ಈ ವಿವರಗಳನ್ನೆಲ್ಲ ಒಳಗೊಳ್ಳುವ ಓದು ಬೇರೆಯೇ ಆಗಿರಬೇಕು: ಹೆಣ ಅಗ್ರಹಾರದ ಒಳಗಿನ ಆಸೆಗಳನ್ನು ಒಂದೊಂದಾಗಿ ಹೊರಗೆಳೆಯುವ ಇರುವಿಕೆ ಎಂಬಂತೆ. ಹೀಗೆ ಒಂದು ವ್ಯಾಖ್ಯಾನ ಇನ್ನೊಂದಕ್ಕಿಂತ ಮೇಲೆಂದು ಹೇಳಲು ಆಧಾರವಿದೆ. ಕೃತಿಯ ಹೆಚ್ಚು ವಿವರಗಳು ಯಾವ ಓದಿನಲ್ಲಿ ಕೆಲಸಕ್ಕೆ ಬರುತ್ತವೆಯೋ, ಯಾವ ವಿವರವೂ ಎದುರು ಬೀಳುವುದಿಲ್ಲವೋ ಅದು ಮೇಲಾದ ಓದು. ಸಾಹಿತ್ಯದಲ್ಲಿ ಯಾರು ಏನು ಹೇಳಿದರೂ ನಡೆಯುತ್ತದೆ ಎಂಬ ಉದಾರತೆ ನೋಡಲು ಚೆಂದ, ಆದರೆ ಅದು ಕೃತಿಗೆ ಮಾಡುವ ಅನ್ಯಾಯ. ಲೇಖಕರು ಹೀಗೆಂದು ಉದ್ದೇಶಿಸಿದ್ದರೋ ಇಲ್ಲವೋ ಎಂಬುದು ಇಲ್ಲಿ ಕೊನೆಯ ಮಾತಲ್ಲ. ಪಂಪನನ್ನು ಕೇಳಲು ಸಾಧ್ಯವಿಲ್ಲ, ಸಾಧ್ಯವಿದ್ದಿದ್ದರೂ ಕಾವ್ಯದೊಳಗೆ ಇರುವುದನ್ನೇ ಅವನೂ ಬೆರಳಿಟ್ಟು ತೋರಿಸಬೇಕಾಗುತ್ತಿತ್ತು.

ಈ ವಾದಕ್ಕೆ ಎದುರಾಗಿ ಅಲ್ಲಮಪ್ರಭುವಿನ ಬೆಡಗಿನ ವಚನಗಳನ್ನು ಯಾರಾದರೂ ಮುಂದಿಡಬಹುದು. ಲೋಕದಲ್ಲಿ ಎಲ್ಲಿಯೂ ಸಂಭವಿಸಲಾರದ ಚಿತ್ರಗಳನ್ನು ಒಂದರ ಮೇಲೊಂದು ಪೇರಿಸುವ ಆ ವಚನಗಳಲ್ಲಿ ನೇರ ಸಂಗತಿಯೇ ಇಲ್ಲವಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ. ನಂತರದ ಶತಮಾನಗಳ ವೀರಶೈವ ಟೀಕಾಕಾರರು ಅಲ್ಲಿನ ಪ್ರಾಣಿಗಳಿಗೂ ಸಂಖ್ಯೆಗಳಿಗೂ ಇಂದ್ರಿಯಗಳು, ಮದಗಳು, ಸ್ಥಲಗಳು ಎಂದು ಅರ್ಥ ಬಿಡಿಸಿ ಕೊಟ್ಟರು. ಆ ಟೀಕೆಗಳಿಲ್ಲದಿದ್ದರೆ ಎಷ್ಟೋ ವಚನಗಳು ಮುಚ್ಚಿಯೇ ಇರುತ್ತಿದ್ದವು, ಆ ಉಪಕಾರ ದೊಡ್ಡದು. ಆದರೂ ಟೀಕೆಯನ್ನು ಓದಿದ ಮೇಲೆ ವಚನಕ್ಕೆ ಮರಳಿದರೆ ಅದು ಇನ್ನೂ ಓದುಗರನ್ನು ಬೆಚ್ಚಿಬೀಳಿಸುತ್ತದೆ. ಅರ್ಥ ಗೊತ್ತಾದ ಮಾತ್ರಕ್ಕೆ ಆ ಚಿತ್ರ ಖಾಲಿಯಾಗುವುದಿಲ್ಲ. ಏಕೆಂದರೆ ಅಸಂಭವವನ್ನು ಕಣ್ಣಾರೆ ಕಂಡಂತೆ ಮಾಡಿ ಬುದ್ಧಿಯ ರೂಢಿಯ ನಡಿಗೆಯನ್ನು ತಡೆಯುವುದೇ ಅಲ್ಲಮನ ಕೆಲಸ. ಆ ತಡೆಯನ್ನು ಅನುಭವಿಸದೆ ನೇರವಾಗಿ ಟೀಕೆಗೆ ಹೋದವರಿಗೆ ಸಿಗುವುದು ಒಂದು ಪಟ್ಟಿ ಮಾತ್ರ.

ದ.ರಾ. ಬೇಂದ್ರೆಯವರ ಹಾರುವ ಹಕ್ಕಿಯನ್ನು ಕಾಲವೆಂದು, ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಸಾಕವ್ವ ಹುಡುಕುವ ಹುಂಜವನ್ನು ಕಸಿದುಕೊಂಡ ಬದುಕೆಂದು ಓದುವಾಗಲೂ ಇದೇ ಎಚ್ಚರ ಬೇಕು. ಬೇಂದ್ರೆಯವರ ಹಕ್ಕಿಗೆ ರೆಕ್ಕೆಯಿದೆ, ಬಣ್ಣವಿದೆ, ವೇಗವಿದೆ, ಅವೆಲ್ಲವೂ ಕಣ್ಣಿಗೆ ಕಟ್ಟಿದ ಮೇಲಷ್ಟೇ ಕಾಲದ ಭಯ ಹುಟ್ಟುತ್ತದೆ. ಸಾಕವ್ವನಿಗಂತೂ ಅದು ಸಂಕೇತವಲ್ಲ, ಸಾಕಿದ ಹುಂಜ. ಕಳೆದದ್ದು ಅವಳ ಸ್ವತ್ತು. ಅವಳ ನಷ್ಟವನ್ನು ನಷ್ಟವಾಗಿ ಕಾಣದೆ ಅದನ್ನು ದೊಡ್ಡ ಮಾತಿಗೆ ಏರಿಸುವ ಓದು ವಿಮರ್ಶೆಯ ತಪ್ಪಷ್ಟೇ ಅಲ್ಲ, ಅವಳ ಬಡತನಕ್ಕೆ ತೋರುವ ಅಸಡ್ಡೆಯೂ ಹೌದು.

ಹೀಗಿರುವಾಗ ಕನ್ನಡ ಪಠ್ಯಗಳನ್ನು ರೂಪಿಸುವವರಲ್ಲಿಯೂ ಪ್ರಶ್ನೆಪತ್ರಿಕೆ ತಯಾರಿಸುವವರಲ್ಲಿಯೂ ಒಂದು ಕೋರಿಕೆ ಇಡುವುದು ಉಚಿತ. ‘ಇದು ಯಾವುದರ ಸಂಕೇತ?’ ಎಂಬ ಒಂದು ಅಂಕದ ಪ್ರಶ್ನೆಯನ್ನು ಕೆಲವು ವರ್ಷಗಳ ಮಟ್ಟಿಗಾದರೂ ಕೈಬಿಟ್ಟು, ಅದರ ಜಾಗದಲ್ಲಿ ಆ ವಸ್ತು ಕೃತಿಯಲ್ಲಿ ಎಲ್ಲೆಲ್ಲಿ ಬರುತ್ತದೆ, ಪ್ರತಿ ಬಾರಿಯೂ ಅದನ್ನು ಯಾರು ನೋಡುತ್ತಿದ್ದಾರೆ, ನೋಡಿದವರು ಮುಂದೆ ಏನು ಮಾಡುತ್ತಾರೆ ಎಂದು ಕೇಳಲಿ. ಉತ್ತರ ಬರೆಯುವ ಮಕ್ಕಳಿಗೆ ಅದಕ್ಕೆ ಬೇಕಾದಷ್ಟು ಹೊತ್ತನ್ನೂ ಜಾಗವನ್ನೂ ಕೊಡಲಿ.